ಹವಾಯಿಯ ಬಿಗ್ ಐಲೆಂಡ್: ಮೂರು ರಾತ್ರಿ ಕಡಲು, ಮೂರು ರಾತ್ರಿ ಕೆಂಡ

ಬೆಳಿಗ್ಗೆ ಬೆಚ್ಚನೆ ನೀರಿನಲ್ಲಿ ಹವಳದ ಮೀನು ನೋಡಿ, ಅದೇ ದಿನ ರಾತ್ರಿ ಸ್ವೆಟರ್ ಹಾಕಿಕೊಂಡು ಜ್ವಾಲಾಮುಖಿಯ ಅಂಚಿನಲ್ಲಿ ನಿಲ್ಲಬಹುದಾದ ಜಾಗಗಳು ಜಗತ್ತಿನಲ್ಲಿ ಕೆಲವೇ. ಅವುಗಳಲ್ಲಿ ರಸ್ತೆ, ವಸತಿ, ಎಚ್ಚರಿಕೆಯ ವ್ಯವಸ್ಥೆ ಎಲ್ಲವೂ ಚೆನ್ನಾಗಿರುವುದು ಹವಾಯಿ ದ್ವೀಪದಲ್ಲಿ. ಇಡೀ ರಾಜ್ಯಕ್ಕೂ ಅದೇ ಹೆಸರಿರುವುದರಿಂದ ಎಲ್ಲರೂ ಇದನ್ನು ಬಿಗ್ ಐಲೆಂಡ್ ಎನ್ನುತ್ತಾರೆ.

ಹೆಸರಿಗೆ ತಕ್ಕ ಹಾಗೆ ಇದು ದೊಡ್ಡದು. ವಿಸ್ತೀರ್ಣ ಸುಮಾರು 10,430 ಚದರ ಕಿ.ಮೀ. ಉಳಿದ ಹವಾಯಿ ದ್ವೀಪಗಳನ್ನೆಲ್ಲ ಕೂಡಿಸಿದರೂ ಇದರಷ್ಟಾಗುವುದಿಲ್ಲ. ಹೆಚ್ಚಿನವರ ಯೋಜನೆ ಕೆಡುವುದು ಇದನ್ನು ಮರೆತಾಗ. ಪಶ್ಚಿಮದ ಕೋನ ಕರಾವಳಿಯಲ್ಲಿ ಏಳೂ ರಾತ್ರಿಗೆ ಒಂದೇ ಹೋಟೆಲ್ ಹಿಡಿದು, ಜ್ವಾಲಾಮುಖಿಗೆ ಒಂದು ದಿನ ಹೋಗಿ ಬರೋಣ ಎಂದುಕೊಳ್ಳುತ್ತಾರೆ. ಕೋನದಿಂದ ಕಿಲವೇಯಾ ಜ್ವಾಲಾಮುಖಿ ಇರುವ ರಾಷ್ಟ್ರೀಯ ಉದ್ಯಾನಕ್ಕೆ ಸುಮಾರು 155 ಕಿ.ಮೀ., ಎರಡರಿಂದ ಎರಡೂವರೆ ಗಂಟೆಯ ದಾರಿ. ಹೋಗಿ ಬರುವುದಕ್ಕೇ ಐದು ಗಂಟೆ ಹಿಡಿಯುತ್ತದೆ. ತಲುಪುವುದು ಹನ್ನೊಂದಕ್ಕೆ, ಪಾರ್ಕಿಂಗ್ ತುಂಬಿರುವ ಹೊತ್ತಿಗೆ. ನಾಲ್ಕಕ್ಕೆ ವಾಪಸ್ ಹೊರಡಬೇಕು. ಆದರೆ ಜ್ವಾಲಾಮುಖಿ ನೋಡಬೇಕಾದದ್ದು ಕತ್ತಲಲ್ಲಿ. ಹಗಲು ಬರೀ ಹೊಗೆಯ ಹಾಗೆ ಕಾಣುವುದು ರಾತ್ರಿ ಕೆಂಪಗೆ ಬೆಳಗುತ್ತದೆ. ಅದಕ್ಕೇ ಈ ಲೇಖನದ ಇಡೀ ಲೆಕ್ಕ ಒಂದೇ ಮಾತಿನ ಮೇಲೆ ನಿಂತಿದೆ: ವಾಸ್ತವ್ಯವನ್ನು ಎರಡಾಗಿ ಒಡೆಯಿರಿ, ಜ್ವಾಲಾಮುಖಿಯ ಪಕ್ಕದಲ್ಲೇ ಮಲಗಿ.

ಎರಡು ಮುಖದ ದ್ವೀಪ

ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಮೋಡಗಳನ್ನು ತಂದು ಮೌನಾ ಕೇಯಾ (4,207 ಮೀ.) ಮತ್ತು ಮೌನಾ ಲೋವಾ (4,169 ಮೀ.) ಬೆಟ್ಟಗಳಿಗೆ ಡಿಕ್ಕಿ ಹೊಡೆಸುತ್ತವೆ. ಪೂರ್ವದ ಹೀಲೊ ಊರಿಗೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಬೆಟ್ಟದ ಮರೆಯಲ್ಲಿರುವ ವಾಯವ್ಯದ ಕೊಹಾಲಾ ಕರಾವಳಿಯಲ್ಲಿ ಕೆಲವೆಡೆ 250 ಮಿ.ಮೀ. ಕೂಡ ಬೀಳುವುದಿಲ್ಲ. ಬಿಸಿಲು, ಬಿಳಿ ಮರಳು, ಈಜು ಬೇಕಾದರೆ ಪಶ್ಚಿಮ. ಜಲಪಾತ, ಹಸಿರು, ಜ್ವಾಲಾಮುಖಿ ಬೇಕಾದರೆ ಪೂರ್ವ. ಹೀಲೊದಲ್ಲಿ ಕೋಣೆ ಅಗ್ಗ ಸಿಕ್ಕಿತೆಂದು ಅಲ್ಲೇ ಕುಳಿತು ಕಡಲತೀರದ ರಜೆ ಮಾಡಲು ಹೋದವರು ಕಿಟಕಿಯಿಂದ ಮಳೆ ನೋಡುತ್ತಾ ಕೂರಬೇಕಾಗುತ್ತದೆ.

ಮೂರನೆಯ ಹವಾಮಾನವೂ ಒಂದಿದೆ. ಕಿಲವೇಯಾ ಜ್ವಾಲಾಮುಖಿಯ ನೆತ್ತಿ ಸುಮಾರು 1,200 ಮೀ. ಎತ್ತರದಲ್ಲಿದೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೂ ಕಡಲತೀರಕ್ಕಿಂತ ಸುಮಾರು ಎಂಟು ಡಿಗ್ರಿ ತಂಪು. ಅದಕ್ಕೆ ಗಾಳಿ, ಜಿಟಿಜಿಟಿ ಮಳೆ ಸೇರುತ್ತದೆ. ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಮಾಮೂಲು. ಚಡ್ಡಿ, ಚಪ್ಪಲಿಯಲ್ಲಿ ಬಂದು ನಡುಗುತ್ತಾ ಹತ್ತೇ ನಿಮಿಷಕ್ಕೆ ಕಾರಿಗೆ ಓಡುವವರು ಪ್ರತಿ ರಾತ್ರಿಯೂ ಕಾಣಸಿಗುತ್ತಾರೆ.

ಯಾವಾಗ ಹೋಗಬೇಕು

ಏಪ್ರಿಲ್ ಕೊನೆಯಿಂದ ಜೂನ್ ಆರಂಭದವರೆಗೆ, ಇಲ್ಲವೇ ಸೆಪ್ಟೆಂಬರ್. ಜನ ಕಡಿಮೆ, ಪಶ್ಚಿಮದ ಸಮುದ್ರ ಶಾಂತ. ನವೆಂಬರಿನಿಂದ ಮಾರ್ಚ್‌ವರೆಗೆ ಉತ್ತರದಿಂದ ದೊಡ್ಡ ಅಲೆಗಳು ಬರುತ್ತವೆ. ಕೋನದ ಮ್ಯಾಜಿಕ್ ಸ್ಯಾಂಡ್ಸ್ ಎಂಬ ಪುಟ್ಟ ತೀರದ ಮರಳನ್ನು ಈ ಅಲೆಗಳು ಕೆಲವೊಮ್ಮೆ ರಾತ್ರೋರಾತ್ರಿ ಎಳೆದೊಯ್ದು ಬರಿ ಬಂಡೆ ಉಳಿಸುತ್ತವೆ. ಆ ಹೆಸರು ಬಂದದ್ದೇ ಹಾಗೆ. ಆದರೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳ ಕಾಲ. ತಿಮಿಂಗಿಲವೇ ಮುಖ್ಯವೆನ್ನುವವರು ಈಜಿನಲ್ಲಿ ಸ್ವಲ್ಪ ರಾಜಿ ಮಾಡಿಕೊಂಡು ಚಳಿಗಾಲದಲ್ಲಿ ಹೋಗಬಹುದು.

ಎರಡು ಹೊತ್ತುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಈಸ್ಟರ್ ನಂತರದ ವಾರ ಹೀಲೊದಲ್ಲಿ ಮೆರಿ ಮೊನಾರ್ಕ್ ಹೂಲಾ ನೃತ್ಯದ ಉತ್ಸವ, ಅಕ್ಟೋಬರಿನಲ್ಲಿ ಕೋನದಲ್ಲಿ ಈಜು, ಸೈಕಲ್, ಓಟ ಮೂರೂ ಸೇರಿದ ಐರನ್‌ಮ್ಯಾನ್ ಸ್ಪರ್ಧೆ. ಆ ದಿನಗಳಲ್ಲಿ ಆಯಾ ಊರಿನಲ್ಲಿ ಕೋಣೆಯೂ ಸಿಗುವುದಿಲ್ಲ, ಕಾರೂ ಸಿಗುವುದಿಲ್ಲ.

ಬುಕಿಂಗ್: ಯಾವುದು ಮೊದಲು, ಯಾವುದು ಆಮೇಲೆ

ಎಲ್ಲರೂ ವಿಮಾನದಿಂದ ಶುರು ಮಾಡುತ್ತಾರೆ. ಇಲ್ಲಿ ಮೊದಲು ಮುಗಿಸಬೇಕಾದದ್ದು ವೊಲ್ಕೇನೊ ಎಂಬ ಹಳ್ಳಿಯ ಮೂರು ರಾತ್ರಿಗಳ ಕೋಣೆ. ಉದ್ಯಾನದ ಬಾಗಿಲಲ್ಲೇ ಇರುವ ಈ ಹಳ್ಳಿಯಲ್ಲಿ ವಸತಿ ಕಡಿಮೆ, ಉದ್ಯಾನದ ಒಳಗಿರುವ ವೊಲ್ಕೇನೊ ಹೌಸ್ ಹೋಟೆಲ್ ಚಿಕ್ಕದು. ಹಣ ವಾಪಸ್ ಸಿಗುವ ಕರಾರಿನಲ್ಲೇ ಹಿಡಿಯಿರಿ, ಕಾರಣ ಮುಂದೆ ಹೇಳುತ್ತೇವೆ. ಕೋಣೆಯಲ್ಲಿ ಹೀಟರ್ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ.

ಆಮೇಲೆ ವಿಮಾನ. ಕೋನದಲ್ಲಿ ಇಳಿದು ಹೀಲೊದಿಂದ ಹೊರಡುವ ಟಿಕೆಟ್ ಸಿಕ್ಕರೆ ಅರ್ಧ ದಿನದ ಡ್ರೈವಿಂಗ್ ಉಳಿಯುತ್ತದೆ. ಅಮೆರಿಕದ ಮುಖ್ಯಭೂಮಿಯಿಂದ ನೇರ ವಿಮಾನಗಳು ಹೆಚ್ಚಾಗಿ ಬರುವುದು ಕೋನಕ್ಕೆ. ಹೀಲೊಗೆ ಸಾಮಾನ್ಯವಾಗಿ ಹೊನಲುಲು ಮೂಲಕ, ಅಲ್ಲಿಂದ ಮುಕ್ಕಾಲು ಗಂಟೆ ಹಾರಾಟ.

ಮೂರನೆಯದು ಕಾರು. ಬಸ್ಸುಗಳಿವೆ, ಆದರೆ ಅವು ಊರಿನವರ ಕೆಲಸದ ಸಮಯಕ್ಕೆ ಓಡುವಂಥವು. ಬೆಳಗಿನ ಜಾವ ನಾಲ್ಕೂವರೆಗೆ ಕುಳಿಯ ಅಂಚಿಗೆ ನಿಮ್ಮನ್ನು ಯಾವ ಬಸ್ಸೂ ಒಯ್ಯುವುದಿಲ್ಲ. ಕೋನದಲ್ಲಿ ಪಡೆದ ಕಾರನ್ನು ಹೀಲೊದಲ್ಲಿ ಬಿಟ್ಟರೆ ಎಷ್ಟು ಹೆಚ್ಚುವರಿ ಎಂದು ಮೊದಲೇ ಕೇಳಿ. ಕೆಲವೊಮ್ಮೆ ಆ ಶುಲ್ಕ ಟಿಕೆಟ್‌ನಲ್ಲಾದ ಉಳಿತಾಯವನ್ನೇ ನುಂಗಿಬಿಡುತ್ತದೆ. ಕರಾರಿನಲ್ಲಿ ಯಾವ ರಸ್ತೆ ನಿಷಿದ್ಧ ಎಂಬುದನ್ನೂ ಓದಿ. ಮೌನಾ ಕೇಯಾ ಶಿಖರದ ಕಚ್ಚಾ ರಸ್ತೆ, ದಕ್ಷಿಣದ ಹಸಿರು ಮರಳಿನ ತೀರದ ದಾರಿ ಹಲವು ಕರಾರುಗಳಲ್ಲಿ ನಿಷಿದ್ಧ. ಅಲ್ಲಿ ಗಾಡಿ ಸಿಕ್ಕಿಹಾಕಿಕೊಂಡರೆ ವಿಮೆ ಬರುವುದಿಲ್ಲ, ಎಳೆದು ತರುವ ಖರ್ಚು ನಿಮ್ಮದೇ. ಮುಖ್ಯ ಜಾಗಗಳಿಗೆಲ್ಲ ಸಾಮಾನ್ಯ ಸಣ್ಣ ಕಾರು ಸಾಕು.

ಕೋನದ ಹೋಟೆಲ್ ಕೊನೆಗೆ. ಆಯ್ಕೆ ಅಲ್ಲಿ ಧಾರಾಳ. ಕೋಣೆಯ ಬಾಡಿಗೆ ಮಾತ್ರ ನೋಡಬೇಡಿ. ರೆಸಾರ್ಟ್ ಶುಲ್ಕ, ದಿನದ ಪಾರ್ಕಿಂಗ್ ಶುಲ್ಕ, ತೆರಿಗೆ ಎಲ್ಲ ಕೂಡಿಸಿ ಹೋಲಿಸಿ.

ಕಿಲವೇಯಾದ ಗಡಿಯಾರ

ಇದನ್ನು ನಿಧಾನವಾಗಿ ಓದಿ, ಪ್ರವಾಸ ಗೆಲ್ಲುವುದು ಸೋಲುವುದು ಇಲ್ಲೇ.

ಕಿಲವೇಯಾದಲ್ಲಿ ಲಾವಾ ನಲ್ಲಿಯ ನೀರಿನ ಹಾಗೆ ಸದಾ ಹರಿಯುತ್ತಿರುವುದಿಲ್ಲ. 2018ರಲ್ಲಿ ಪೂರ್ವದ ಬಿರುಕುಗಳಿಂದ ಹೊರಬಂದ ಲಾವಾ 700ಕ್ಕೂ ಹೆಚ್ಚು ಮನೆಗಳನ್ನು ನುಂಗಿತು, ನೆತ್ತಿಯ ಕುಳಿ ಕುಸಿಯಿತು. 2024ರ ಡಿಸೆಂಬರ್ 23ರಂದು ನೆತ್ತಿಯ ಹಲೆಮಾಉಮಾಉ ಕುಳಿಯಲ್ಲಿ ಶುರುವಾದ ಸ್ಫೋಟದ ರೀತಿಯೇ ಬೇರೆ: ಕೆಲವು ಗಂಟೆ ಲಾವಾದ ಕಾರಂಜಿ, ಆಮೇಲೆ ಹಲವು ದಿನ ಅಥವಾ ವಾರಗಳ ಬಿಡುವು, ಮತ್ತೆ ಕಾರಂಜಿ. 2025ರ ಕೊನೆಯ ಹೊತ್ತಿಗೆ ಇಂಥ ಮೂವತ್ತಕ್ಕೂ ಹೆಚ್ಚು ಸುತ್ತುಗಳಾದವು. ಕೆಲವು ಸುತ್ತುಗಳಲ್ಲಿ ಕಾರಂಜಿ 300 ಮೀಟರಿಗಿಂತ ಮೇಲೆ ಚಿಮ್ಮಿತು. ನೆಲದಡಿಯ ಕೋಣೆಗೆ ಮ್ಯಾಗ್ಮಾ, ಅಂದರೆ ಕರಗಿದ ಕಲ್ಲು, ತುಂಬುತ್ತಾ ಹೋದಂತೆ ನೆತ್ತಿಯ ನೆಲ ಬಲೂನಿನಂತೆ ಒಂದಿಷ್ಟು ಉಬ್ಬಿ ವಾಲುತ್ತದೆ, ಕಾರಂಜಿ ಎದ್ದೊಡನೆ ಇಳಿಯುತ್ತದೆ. ಈ ವಾಲುವಿಕೆಯನ್ನು ಅಳೆಯುವ ಉಪಕರಣ ಟಿಲ್ಟ್‌ಮೀಟರ್. ಅದನ್ನು ನೋಡಿಯೇ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಹವಾಯಿ ಜ್ವಾಲಾಮುಖಿ ವೀಕ್ಷಣಾಲಯದವರು ಮುಂದಿನ ಸುತ್ತು ಯಾವ ದಿನಗಳ ನಡುವೆ ಶುರುವಾಗಬಹುದು ಎಂದು ಅಂದಾಜು ಪ್ರಕಟಿಸುತ್ತಾರೆ.

ಹಾಗಾಗಿ ಕೆಲಸ ಹೀಗೆ ಮಾಡಿ. ಹೊರಡುವ ಎರಡು ವಾರ ಮೊದಲಿನಿಂದ ಅವರ ದಿನದ ವರದಿ ಓದುತ್ತಾ ಬನ್ನಿ. ವಾರ ಉಳಿದಿರುವಾಗ ಅಂದಾಜು ಯಾವ ದಿನಗಳಿಗೆ ಬರುತ್ತಿದೆ ಎಂದು ನೋಡಿ, ಬೇಕಾದರೆ ವೊಲ್ಕೇನೊದ ರಾತ್ರಿಗಳನ್ನು ಹಿಂದೆ ಮುಂದೆ ಮಾಡಿ. ಹಣ ವಾಪಸ್ ಸಿಗುವ ಬುಕಿಂಗ್ ಬೇಕೆಂದದ್ದು ಇದಕ್ಕೇ. ಅಲ್ಲಿರುವಾಗ ವೀಕ್ಷಣಾಲಯದ ನೇರ ಕ್ಯಾಮೆರಾವನ್ನು ಫೋನಿನಲ್ಲಿ ತೆರೆದಿಟ್ಟುಕೊಳ್ಳಿ. ಹಳ್ಳಿಯಲ್ಲೇ ಇದ್ದರೆ ರಾತ್ರಿ ಎರಡಕ್ಕೆ ಕಾರಂಜಿ ಎದ್ದರೂ ಇಪ್ಪತ್ತು ನಿಮಿಷದಲ್ಲಿ ಅಂಚಿನಲ್ಲಿರುತ್ತೀರಿ. ಉದ್ಯಾನ ದಿನದ 24 ಗಂಟೆಯೂ ತೆರೆದಿರುತ್ತದೆ.

ಎಚ್ಚರಿಕೆಯ ಮಟ್ಟ ನಾಲ್ಕು: ನಾರ್ಮಲ್, ಅಡ್ವೈಸರಿ, ವಾಚ್, ವಾರ್ನಿಂಗ್. ‘ವಾಚ್’ ಎಂದು ಕಂಡೊಡನೆ ಟಿಕೆಟ್ ರದ್ದು ಮಾಡುವವರಿದ್ದಾರೆ. ನೆತ್ತಿಯ ಕುಳಿಯೊಳಗೇ ನಡೆಯುವ ಸ್ಫೋಟಕ್ಕೂ ಆ ಮಟ್ಟವಿರುತ್ತದೆ. ಅಂಥ ಹೊತ್ತಿನಲ್ಲೇ ನೋಡಲು ಏನಾದರೂ ಸಿಗುವುದು. ಮಟ್ಟದ ಹೆಸರಿಗಿಂತ ಉದ್ಯಾನದ ಯಾವ ರಸ್ತೆ, ಯಾವ ಹಾದಿ ಮುಚ್ಚಿದೆ ಎಂಬ ಪಟ್ಟಿ ಮುಖ್ಯ.

ಮೂರು ರಾತ್ರಿಯೂ ಕಾರಂಜಿ ಏಳದಿರಬಹುದು. ಆ ಸಾಧ್ಯತೆಯನ್ನು ಒಪ್ಪಿಕೊಂಡೇ ಹೊರಡಿ. ಬಿಡುವಿನಲ್ಲೂ ಎಷ್ಟೋ ರಾತ್ರಿ ಲಾವಾ ಚಿಮ್ಮುವ ಬಾಯಿಗಳಲ್ಲಿ ಕೆಂಪು ಹೊಳಪು ಕಾಣುತ್ತದೆ.

ಉದ್ಯಾನದಲ್ಲಿ ಒಂದೂವರೆ ದಿನ

ಪ್ರವೇಶ ಒಂದು ಕಾರಿಗೆ 30 ಡಾಲರ್, ಏಳು ದಿನಕ್ಕೆ ಸಲ್ಲುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡು ಮತ್ತು ಸೂರ್ಯಾಸ್ತದ ಹೊತ್ತು ಜನ ಜಾಸ್ತಿ. ಬೆಳಗಿನ ಜಾವ ಐದಕ್ಕೆ ಹೋದರೆ ಅಂಚಿನಲ್ಲಿ ಮಾತೂ ಕೇಳಿಸುವುದಿಲ್ಲ, ಗಾಳಿ ಮಾತ್ರ. ಒಬ್ಬೊಬ್ಬರಿಗೂ ಒಂದೊಂದು ತಲೆಗೆ ಕಟ್ಟುವ ಟಾರ್ಚ್ ಇರಲಿ. ಫೋನಿನ ಬೆಳಕು ನಂಬಿಕೊಂಡರೆ ಕೈ ಕಟ್ಟಿದಂತಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಬೇಲಿಯಾಚೆ ಒಂದು ಹೆಜ್ಜೆಯನ್ನೂ ಇಡಬೇಡಿ. ಅಂಚಿನ ಕೆಳಗೆ ಬಂಡೆ ಕುಸಿದು ಟೊಳ್ಳಾಗಿರಬಹುದು, ಮೇಲಿನಿಂದ ಅದು ತಿಳಿಯುವುದಿಲ್ಲ.

ಬೆಳಕಾದ ಮೇಲೆ ಕಿಲವೇಯಾ ಇಕಿ ಹಾದಿ. ಉದ್ಯಾನದಲ್ಲಿ ಒಂದೇ ನಡಿಗೆಗೆ ಸಮಯವಿದ್ದರೆ ಇದನ್ನೇ ಮಾಡಿ. ಸುಮಾರು 5.3 ಕಿ.ಮೀ. ಸುತ್ತು, 120 ಮೀ. ಇಳಿದು ಅಷ್ಟೇ ಹತ್ತಬೇಕು, ಎರಡರಿಂದ ಮೂರು ಗಂಟೆ. 1959ರಲ್ಲಿ ಇಲ್ಲಿ ಲಾವಾ 580 ಮೀ. ಎತ್ತರಕ್ಕೆ ಚಿಮ್ಮಿ ಕುಳಿಯನ್ನು ಕೆರೆಯಂತೆ ತುಂಬಿತು. ಈಗ ನೀವು ನಡೆಯುವುದು ಆ ಕೆರೆಯ ಹೆಪ್ಪುಗಟ್ಟಿದ ಕೆನೆಯ ಮೇಲೆ. ಇಳಿಯುವಾಗ ದಟ್ಟ ಕಾಡು, ಜರೀಗಿಡ, ಹಕ್ಕಿಯ ಕೂಗು. ತಳ ಮುಟ್ಟಿದೊಡನೆ ಎಲ್ಲ ನಿಂತು ಕಪ್ಪು ಬಯಲು ಹರಡಿಕೊಳ್ಳುತ್ತದೆ. ಬಿರುಕುಗಳಿಂದ ಬಿಳಿ ಹಬೆ ಏಳುತ್ತದೆ. ಬಗ್ಗಿ ನೋಡಿ: ಬೆರಳು ಹಿಡಿಸುವಷ್ಟು ಬಿರುಕಿನಲ್ಲಿ ಒಹಿಯ ಎಂಬ ಇಲ್ಲಿನ ಮರದ ಗೇಣುದ್ದದ ಸಸಿ, ತುದಿಯಲ್ಲಿ ಕೆಂಪು ಕೇಸರಗಳ ಕುಂಚದಂಥ ಹೂ. ಅದೇ ಹಬೆ ತಣಿದ ಹನಿಯೂ ಮಳೆಯೂ ಅದಕ್ಕೆ ನೀರು. ಹಾದಿಯ ಗುರುತಿಗೆ ಕಲ್ಲಿನ ಗುಪ್ಪೆಗಳಿವೆ, ಅವನ್ನು ಬಿಟ್ಟು ಅತ್ತಿತ್ತ ಹೋಗಬೇಡಿ, ನಿಮ್ಮದೇ ಗುಪ್ಪೆ ಕಟ್ಟಲೂಬೇಡಿ. ಮಂಜು ಕವಿದಾಗ ಅದನ್ನು ನೋಡಿ ಬೇರೆಯವರು ದಾರಿ ತಪ್ಪುತ್ತಾರೆ. ತಲೆಗೆ ಎರಡು ಲೀಟರ್ ನೀರು, ಒಂದು ಮಳೆಕೋಟು. ಎಂಟಕ್ಕೆ ಇಳಿದರೆ ಹತ್ತೂವರೆಗೆ ಮೇಲಿರುತ್ತೀರಿ.

ಅಲ್ಲೇ ಹತ್ತಿರದಲ್ಲಿ ನಾಹುಕು ಎಂಬ ಲಾವಾ ಸುರಂಗ. ಮೇಲ್ಮೈ ಹೆಪ್ಪುಗಟ್ಟಿ ಒಳಗಿನ ಲಾವಾ ಹರಿದುಹೋದಾಗ ಉಳಿದ ಕೊಳವೆ ಅದು. ಕಿಲವೇಯಾ ಇಕಿಗೆ ಇಳಿಯುವ ಮೊದಲೋ ಮರುದಿನವೋ, ಒಂಬತ್ತರ ಒಳಗೆ ಹೋದರೆ ಸರಿ, ಆಮೇಲೆ ಪಾರ್ಕಿಂಗ್ ಸಿಗುವುದು ಕಷ್ಟ.

ಮಧ್ಯಾಹ್ನ ನಿದ್ದೆ ಮಾಡಿ, ಮೂರೂವರೆಗೆ ಚೈನ್ ಆಫ್ ಕ್ರೇಟರ್ಸ್ ರಸ್ತೆ ಹಿಡಿಯಿರಿ. ಸುಮಾರು 30 ಕಿ.ಮೀ.ಯಲ್ಲಿ 1,100 ಮೀ. ಇಳಿದು ಸಮುದ್ರ ಮುಟ್ಟುತ್ತದೆ. ದಾರಿಯಲ್ಲಿ ಪೆಟ್ರೋಲ್ ಇಲ್ಲ, ಊಟವಿಲ್ಲ, ಕುಡಿಯುವ ನೀರಿಲ್ಲ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದರೆ ಹಳ್ಳಿಯಲ್ಲೇ ತುಂಬಿಸಿಕೊಳ್ಳಿ. ವಾಪಸ್ ಬರುವಾಗ ಕತ್ತಲಾಗಿರುತ್ತದೆ. ನೇನೇ ಎಂಬ ಹೆಬ್ಬಾತುಗಳು ರಸ್ತೆಯಲ್ಲೇ ನಡೆದಾಡುತ್ತವೆ, ಹವಾಯಿ ದ್ವೀಪಗಳನ್ನು ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಕಾಣದ ಅಪರೂಪದ ಹಕ್ಕಿ. ನಿಧಾನ ಓಡಿಸಿ.

ಗಾಳಿ, ಬೂದಿ, ಗಾಜಿನ ಕೂದಲು

ಜ್ವಾಲಾಮುಖಿಯಿಂದ ಬರುವ ಗಂಧಕದ ಡೈಆಕ್ಸೈಡ್ ಗಾಳಿಯಲ್ಲಿ ಸೇರಿ ಮಂಜಿನಂಥ ಹೊಗೆಯಾಗುತ್ತದೆ, ಅದಕ್ಕೆ ವಾಗ್ ಎನ್ನುತ್ತಾರೆ. ಅಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು ಇದ್ದರೆ ಹೊರಡುವ ಬೆಳಿಗ್ಗೆ ಉದ್ಯಾನದ ಗಾಳಿಯ ಗುಣಮಟ್ಟ ನೋಡಲೇಬೇಕು. ಬಟ್ಟೆಯ ಮಾಸ್ಕ್ ಈ ಅನಿಲ ತಡೆಯುವುದಿಲ್ಲ. ವಾಸನೆ ಗಂಟಲು ಕಚ್ಚಿದರೆ ಕಾರಿನ ಕಿಟಕಿ ಏರಿಸಿ, ಎಸಿಯನ್ನು ಒಳಗಿನ ಗಾಳಿಯೇ ಸುತ್ತುವಂತೆ ಮಾಡಿ ಅಲ್ಲಿಂದ ಹೊರಡಿ. ವಾಣಿಜ್ಯ ಮಾರುತ ಬೀಸುವಾಗ ಈ ಹೊಗೆ ದಕ್ಷಿಣಕ್ಕೆ ತಿರುಗಿ ಕೋನದವರೆಗೂ ಹೋಗುತ್ತದೆ. ಕೋನದ ಸಂಜೆಗಳಲ್ಲಿ ಕಾಣುವ ಮಸುಕು ಎಷ್ಟೋ ಸಲ ಇದೇ.

ಕಾರಂಜಿ ಎದ್ದ ದಿನ ಗಾಳಿ ಬೀಸಿದ ದಿಕ್ಕಿನಲ್ಲಿ ಬಂಗಾರದ ಬಣ್ಣದ ನವಿರು ಎಳೆಗಳು ಹುಲ್ಲಿನ ಮೇಲೆ, ಪಾರ್ಕಿಂಗ್ ಮೂಲೆಯಲ್ಲಿ ಗುಪ್ಪೆಯಾಗಿ ಬಿದ್ದಿರುತ್ತವೆ. ಇದು ‘ಪೆಲೆಯ ಕೂದಲು’. ಪೆಲೆ ಎಂದರೆ ಹವಾಯಿಯವರ ಜ್ವಾಲಾಮುಖಿ ದೇವತೆ. ನೋಡಲು ಕೂದಲು, ನಿಜದಲ್ಲಿ ಗಾಜು. ಮುಟ್ಟಿದರೆ ಮುರಿದು ಚರ್ಮಕ್ಕೆ ಚುಚ್ಚುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜದೆ ನೀರಿನಿಂದ ತೊಳೆಯಿರಿ. ಕಾರಿನ ಗಾಜಿನ ಮೇಲೆ ಬಿದ್ದಿದ್ದರೆ ಒಣ ವೈಪರ್ ಹಾಕಬೇಡಿ, ಗಾಜು ಗೀರಿಬಿಡುತ್ತದೆ. ಮೊದಲು ನೀರು ಸುರಿದು ಇಳಿಸಿ.

ಕಡಲತೀರದ ದಿನಗಳು

ಕೊಹಾಲಾ ಕರಾವಳಿಯ ಹಾಪುನ ದ್ವೀಪದಲ್ಲೇ ಉತ್ತಮ ಬಿಳಿ ಮರಳಿನ ತೀರಗಳಲ್ಲೊಂದು, ಸುಮಾರು 800 ಮೀ. ಉದ್ದ. ಹೊರಗಿನವರಿಗೆ ತಲೆಗೆ 5 ಡಾಲರ್, ಕಾರಿಗೆ 10 ಡಾಲರ್ ಶುಲ್ಕ. ಒಂಬತ್ತರೊಳಗೆ ತಲುಪಿ. ಮಧ್ಯಾಹ್ನ ಗಾಳಿ ಎದ್ದರೆ ಮರಳು ಮುಖಕ್ಕೆ ಹೊಡೆಯುತ್ತದೆ. ಸ್ನಾರ್ಕೆಲ್‌ಗೆ (ಕೊಳವೆಯಿಂದ ಉಸಿರಾಡುತ್ತಾ ಮೇಲ್ಮೈಯಲ್ಲಿ ಈಜಿ ಕೆಳಗೆ ನೋಡುವುದಕ್ಕೆ) ಮೊದಲ ಸಲದವರು ಕೋನದ ಕಹಲೂ ಬೀಚ್ ಪಾರ್ಕ್‌ಗೆ ಹೋಗಲಿ, ಆಳ ಕಡಿಮೆ, ಜೀವರಕ್ಷಕರಿರುತ್ತಾರೆ. ನೀರಿಗಿಳಿಯುವ ಮುನ್ನ ಹದಿನೈದು ನಿಮಿಷ ದಡದಲ್ಲಿ ಕುಳಿತು ಅಲೆ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವಿರುತ್ತದೆ; ಆ ಬಿಡುವಿನಲ್ಲಿ ಮಾತ್ರ ನೋಡಿದವರಿಗೆ ಸಮುದ್ರ ಶಾಂತ ಅನ್ನಿಸಿಬಿಡುತ್ತದೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಎದುರೀಜಿ ದಣಿಯಬೇಡಿ. ತೇಲುತ್ತಾ ಕೈ ಎತ್ತಿ ಕರೆಯಿರಿ, ಸೆಳೆತ ಸಡಿಲವಾದಾಗ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಹವಳದ ಮೇಲೆ ಕಾಲಿಟ್ಟು ನಿಲ್ಲಬೇಡಿ. ಅದು ಜೀವ, ಸಾಯುತ್ತದೆ. ನಿಮ್ಮ ಕಾಲೂ ಕೊಯ್ಯುತ್ತದೆ.

ಸನ್‌ಸ್ಕ್ರೀನ್ ವಿಷಯದಲ್ಲಿ ಇಲ್ಲಿ ಕಾನೂನೇ ಇದೆ: ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವವುಗಳ ಮಾರಾಟವನ್ನು 2021ರ ಜನವರಿ 1ರಿಂದ ನಿಷೇಧಿಸಲಾಗಿದೆ. ಜಿಂಕ್ ಆಕ್ಸೈಡ್ ಇರುವುದನ್ನು ತನ್ನಿ. ಅದಕ್ಕಿಂತಲೂ ತುಂಬು ತೋಳಿನ ಈಜು ಅಂಗಿ ವಾಸಿ, ಸ್ನಾರ್ಕೆಲ್ ಮಾಡುವಾಗ ಬೆನ್ನು ಸುಟ್ಟುಕೊಳ್ಳುವವರೇ ಹೆಚ್ಚು.

ನಾಲ್ಕನೆಯ ದಿನ ಬೆಳಿಗ್ಗೆ ಕೋನ ಬಿಟ್ಟು ದಕ್ಷಿಣದ 11ನೇ ಹೆದ್ದಾರಿಯಲ್ಲಿ ವೊಲ್ಕೇನೊ ಕಡೆ ಹೊರಡಿ. ದಾರಿಯಲ್ಲಿ ಹೊನೌನೌ, ಹಿಂದೆ ಅಪರಾಧಿಗಳೂ ಓಡಿ ಬಂದು ಆಶ್ರಯ ಪಡೆಯುತ್ತಿದ್ದ ಪವಿತ್ರ ತಾಣ. ಮುಂದೆ ಪುನಲೂ ಕಪ್ಪು ಮರಳಿನ ತೀರ. ಒಂದು ಹಿಡಿ ಮರಳನ್ನು ಬಿಸಿಲಿಗೆ ಹಿಡಿದು ನೋಡಿ, ಕಣಕಣವೂ ಮೊನಚು, ಹೊಳಪು. ಕುದಿಯುವ ಲಾವಾ ಸಮುದ್ರಕ್ಕೆ ಬಿದ್ದು ಥಟ್ಟನೆ ತಣಿದು ಪುಡಿಯಾದ ಗಾಜು ಅದು. ನೋಡಿ ಅಲ್ಲೇ ಸುರಿದುಬಿಡಿ, ಕೊಂಡೊಯ್ಯುವುದು ಕಾನೂನುಬಾಹಿರ. ಹಸಿರು ಕಡಲಾಮೆಗಳು ಮರಳಿನ ಮೇಲೆ ಬಂದು ಮಲಗುತ್ತವೆ, ಅವುಗಳಿಂದ ಮೂರು ಮೀಟರಾದರೂ ದೂರವಿರಿ. ನಡುಮಧ್ಯಾಹ್ನ ಬರಿಗಾಲಿನಲ್ಲಿ ಇಳಿಯಬೇಡಿ, ಕಪ್ಪು ಮರಳು ಕಾವಲಿಯ ಹಾಗೆ ಕಾದಿರುತ್ತದೆ. ಇಲ್ಲಿಂದ ಉದ್ಯಾನಕ್ಕೆ ಅರ್ಧ ಗಂಟೆ ಚಿಲ್ಲರೆ.

ಎರಡು ಚೀಲ, ಒಂದು ಎಚ್ಚರ

ಬಟ್ಟೆಬರೆಯನ್ನು ಮೊದಲೇ ಎರಡು ಚೀಲ ಮಾಡಿ. ಜ್ವಾಲಾಮುಖಿಯ ಚೀಲದಲ್ಲಿ ತಲೆಗೊಂದು ಫ್ಲೀಸ್ ಅಥವಾ ಸ್ವೆಟರ್, ನೀರು ತಡೆಯುವ ಕೋಟು, ಉದ್ದ ಪ್ಯಾಂಟ್, ಮುಚ್ಚಿದ ಬೂಟು, ಎರಡು ಜೊತೆ ಕಾಲುಚೀಲ, ಟಾರ್ಚ್. ಲಾವಾದ ಮೇಲೆ ಬಿದ್ದರೆ ಮಂಡಿ, ಅಂಗೈ ತುರಿಮಣೆಗೆ ಉಜ್ಜಿದಂತಾಗುತ್ತದೆ. ಉದ್ದ ಪ್ಯಾಂಟ್ ಚಳಿಗಷ್ಟೇ ಅಲ್ಲ. ಬೀಚ್ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಪಾಸ್‌ಪೋರ್ಟ್, ಲ್ಯಾಪ್‌ಟಾಪ್ ಬಿಡಬೇಡಿ.

ಸ್ಕೂಬಾ ಡೈವ್, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನ ಆಳಕ್ಕೆ ಇಳಿಯುವುದು, ಮಾಡುವವರು ಇದನ್ನು ಗಮನವಿಟ್ಟು ಓದಿ. ಡೈವ್ ಆದ ಮೇಲೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಹೋಗುವ ಮೊದಲೇ ಎತ್ತರಕ್ಕೆ ಹೋದರೆ ಗುಳ್ಳೆ ಕಟ್ಟುತ್ತದೆ. ಒಂದೇ ಡೈವ್ ಆದರೆ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾದು ವಿಮಾನ ಹತ್ತಬೇಕೆಂಬುದು ಎಲ್ಲರಿಗೂ ಗೊತ್ತು. ಮರೆಯುವುದು ಕಾರನ್ನು. ಕಿಲವೇಯಾ 1,200 ಮೀ.ನಲ್ಲಿದೆ, ಕೋನ ಮತ್ತು ಹೀಲೊ ನಡುವಿನ ಸ್ಯಾಡಲ್ ರಸ್ತೆ 2,000 ಮೀ. ದಾಟುತ್ತದೆ, ಮೌನಾ ಕೇಯಾದ ಸಂದರ್ಶಕರ ಕೇಂದ್ರ 2,800 ಮೀ.ನಲ್ಲಿದೆ. ಡೈವ್ ಇದ್ದರೆ ಕೋನದ ಮೊದಲ ಎರಡು ದಿನದಲ್ಲೇ ಮುಗಿಸಿ, ಮೂರನೆಯ ದಿನ ಮೇಲ್ಮೈಯ ಸ್ನಾರ್ಕೆಲ್ ಇಟ್ಟುಕೊಳ್ಳಿ. ಮೌನಾ ಕೇಯಾ ಶಿಖರಕ್ಕೆ ಹೋಗುವುದಾದರೆ ಡೈವ್‌ನಿಂದ 24 ಗಂಟೆ ಅಂತರ ಬೇಕು, 13ರೊಳಗಿನ ಮಕ್ಕಳು ಹೋಗಬಾರದು, ಫೋರ್ ವೀಲ್ ಡ್ರೈವ್ ಗಾಡಿ ಕಡ್ಡಾಯ. ನಕ್ಷತ್ರ ನೋಡಲು ಸಂದರ್ಶಕರ ಕೇಂದ್ರದವರೆಗೆ ಹೋದರೆ ಸಾಕು.

ಕೊನೆಯ ರಾತ್ರಿ ಹೀಲೊದಲ್ಲಿ. ಮೊದಲ ಕೆಲಸ ಬೂಟಿನ ಅಡಿ ಉಜ್ಜಿ ಮಣ್ಣು ತೆಗೆಯುವುದು. ಒಹಿಯ ಮರಗಳನ್ನು ಕೊಲ್ಲುವ ಶಿಲೀಂಧ್ರ ರೋಗ ಮಣ್ಣಿನೊಂದಿಗೆ ಹರಡುತ್ತದೆ, ನಿಮ್ಮ ಮುಂದಿನ ನಿಲ್ದಾಣ ಹವಾಯಿಯ ಬೇರೆ ದ್ವೀಪವಾಗಿದ್ದರಂತೂ ಇದನ್ನು ಬಿಡಲೇಬೇಡಿ. ಮುಖ್ಯಭೂಮಿಗೆ ಹೊರಡುವವರ ಸಾಮಾನನ್ನು ವಿಮಾನ ನಿಲ್ದಾಣದಲ್ಲಿ ಕೃಷಿ ಇಲಾಖೆಯವರು ತಪಾಸಣೆ ಮಾಡುತ್ತಾರೆ, ಹೆಚ್ಚಿನ ತಾಜಾ ಹಣ್ಣುಗಳನ್ನು ಬಿಡುವುದಿಲ್ಲ. ಸಂತೆಯಲ್ಲಿ ಕೊಂಡ ಮಾವು, ಪೇರಳೆಯನ್ನು ಹಿಂದಿನ ರಾತ್ರಿಯೇ ತಿಂದು ಮುಗಿಸಿ, ಆ ಸಾಲಿಗಾಗಿ ಅರ್ಧ ಗಂಟೆ ಮೊದಲೇ ಹೊರಡಿ.